ಹೈಸ್ಕೂಲಿನ ನಡುವೆ ರಾಜ್ಯ ಬದಲಾಯಿತು, ಮಗಳ ಕ್ರೆಡಿಟ್‌ಗಳನ್ನು ಹೊಸ ಶಾಲೆ ಒಪ್ಪುತ್ತಿಲ್ಲ: ದಾರಿ ಏನು?

ತುಂಗಾತೀರ, ಡಾಲಸ್:
ಎಲ್ಲರಿಗೂ ನಮಸ್ಕಾರ. ಯಜಮಾನರ ಕೆಲಸ ಬದಲಾದ ಕಾರಣ ಈ ಬೇಸಿಗೆಯಲ್ಲಿ ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾ ಬಿಟ್ಟು ಡಾಲಸ್ ಹೊರವಲಯಕ್ಕೆ ಬಂದೆವು. ಮಗಳು ಅಲ್ಲಿ 10ನೇ ತರಗತಿ ಮುಗಿಸಿ ಇಲ್ಲಿ 11ಕ್ಕೆ ಸೇರಿದ್ದಾಳೆ. ಹೊಸ ಶಾಲೆಯವರು ಅವಳ ಹಳೆಯ ಟ್ರಾನ್ಸ್‌ಕ್ರಿಪ್ಟನ್ನು (ಓದಿದ ವಿಷಯಗಳು, ಅವುಗಳ ದರ್ಜೆ, ಪ್ರತಿ ವಿಷಯ ಪಾಸಾದದ್ದಕ್ಕೆ ಸಿಕ್ಕ ಕ್ರೆಡಿಟ್‌ಗಳ ಪಟ್ಟಿ) ತಮ್ಮ ಲೆಕ್ಕಕ್ಕೆ ಇಳಿಸಿಕೊಂಡು ಕೊಟ್ಟ ಹಾಳೆಯನ್ನು ನೋಡಿದಾಗಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

ಮೊದಲನೆಯ ತೊಂದರೆ ಗಣಿತದ್ದು. ಅವಳು ಆಲ್ಜಿಬ್ರಾ 1 ಅನ್ನು 8ನೇ ತರಗತಿಯಲ್ಲೇ, ಅಂದರೆ ಮಿಡಲ್ ಸ್ಕೂಲಿನಲ್ಲಿ ಮುಗಿಸಿದ್ದಳು. 9ರಲ್ಲಿ ಜಾಮೆಟ್ರಿ, 10ರಲ್ಲಿ ಆಲ್ಜಿಬ್ರಾ 2, ಎರಡರಲ್ಲೂ ಎ ದರ್ಜೆ. ಆದರೆ ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟ್ 9ನೇ ತರಗತಿಯಿಂದ ಶುರುವಾಗುವುದರಿಂದ ಅದರಲ್ಲಿ ಆಲ್ಜಿಬ್ರಾ 1ರ ಸಾಲೇ ಇಲ್ಲ. ಟೆಕ್ಸಸ್‌ನಲ್ಲಿ ಆ ಕ್ರೆಡಿಟ್ ಇಲ್ಲದೆ ಹೈಸ್ಕೂಲು ಪದವಿ ಸಿಗುವುದಿಲ್ಲವೆಂದು ಹೇಳಿ ಅವಳನ್ನು 9ನೇ ತರಗತಿಯ ಮಕ್ಕಳ ಜೊತೆ ಆಲ್ಜಿಬ್ರಾ 1ಕ್ಕೆ ಕೂರಿಸಿದ್ದಾರೆ. ಎರಡನೆಯದು, ವಾರಾಂತ್ಯದ ಕನ್ನಡ ಶಾಲೆಯಲ್ಲಿ ಅವಳು ಕಲಿತ ಎರಡು ವರ್ಷದ ಕನ್ನಡಕ್ಕೆ ಹಳೆಯ ಡಿಸ್ಟ್ರಿಕ್ಟ್ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಕ್ರೆಡಿಟ್ ಕೊಟ್ಟಿತ್ತು, ಇಲ್ಲಿ ಅದರ ಎದುರಿಗೆ ಬರೀ ಗೆರೆ ಎಳೆದಿದ್ದಾರೆ. ಮೂರನೆಯದಾಗಿ, ಅವಳು ತೆಗೆದುಕೊಂಡಿದ್ದ ಆನರ್ಸ್ ಎಂಬ ಹೆಚ್ಚು ಕಠಿಣ ಮಟ್ಟದ ವಿಷಯಗಳಿಗೆ ಇಲ್ಲಿ ಹೆಚ್ಚುವರಿ ತೂಕ ಕೊಡದೆ ಜಿಪಿಎ, ಅಂದರೆ ದರ್ಜೆಗಳ ಸರಾಸರಿ, ಲೆಕ್ಕ ಹಾಕಿದ್ದಾರೆ.

ಫೋನು ಮಾಡಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ, ಯಾರಲ್ಲಿ ಕೇಳಬೇಕು, ಹೇಗೆ ಕೇಳಬೇಕು?

ಹೊಯ್ಸಳನಾಡಿಗ:
50 ರಾಜ್ಯಗಳೂ ಸಹಿ ಹಾಕಿರುವ ಅಂತರರಾಜ್ಯ ಒಪ್ಪಂದವೊಂದು ಇದೆ. ಅದರ ಪ್ರಕಾರ ಹಿಂದಿನ ಶಾಲೆಯಲ್ಲಿದ್ದ ಮಟ್ಟದಲ್ಲೇ ಮಗುವನ್ನು ಕೂರಿಸಬೇಕು. ಅದನ್ನು ತೋರಿಸಿ, ಮಾತು ಅಲ್ಲಿಗೆ ಮುಗಿಯುತ್ತದೆ.

ಶರಾವತಿ, ಫೋರ್ಟ್‌ವರ್ತ್:
ಹೊಯ್ಸಳನಾಡಿಗರೇ, ಆ ಒಪ್ಪಂದ ಸೇನೆಯಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ. ಸಾಫ್ಟ್‌ವೇರ್ ಕೆಲಸಕ್ಕಾಗಿ ಊರು ಬದಲಿಸಿದ ಕುಟುಂಬ ಅದನ್ನು ಹಿಡಿದುಕೊಂಡು ಹೋದರೆ ಎದುರಿಗಿರುವವರಿಗೆ ನಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಹೊಯ್ಸಳನಾಡಿಗ:
ಸರಿ, ಹಾಗಾದರೆ ಸಾಮಾನ್ಯ ಕುಟುಂಬಗಳಿಗೆ ಯಾವ ರಕ್ಷಣೆಯೂ ಇಲ್ಲವೇ? ಕ್ಯಾಲಿಫೋರ್ನಿಯಾದಲ್ಲಿ ಅರ್ಧ ಓದಿದ ವಿಷಯಕ್ಕೂ ಪಾಲು ಕ್ರೆಡಿಟ್ ಕೊಡಲೇಬೇಕೆಂಬ ಕಾನೂನು ಇದೆಯಲ್ಲ.

ಪಾಠಶಾಲೆ, ಸ್ಯಾನ್ ಹೋಸೆ:
ಇದೆ, ಆದರೆ ಆ ಕಾನೂನು ಕೂಡ ಸಾಕುಕುಟುಂಬಗಳಲ್ಲಿ ಬೆಳೆಯುವ ಮಕ್ಕಳು, ಮನೆಯಿಲ್ಲದ ಮಕ್ಕಳು, ಸೇನಾ ಕುಟುಂಬದವರು, ವಲಸೆ ಕೃಷಿ ಕಾರ್ಮಿಕರ ಮಕ್ಕಳು, ಹೊಸದಾಗಿ ದೇಶಕ್ಕೆ ಬಂದು ಅದಕ್ಕಾಗಿಯೇ ಇರುವ ತರಗತಿಗಳಲ್ಲಿ ಕಲಿಯುತ್ತಿರುವವರು, ಹೀಗೆ ಹೆಸರಿಸಿದ ಕೆಲವು ಗುಂಪುಗಳಿಗಾಗಿ ಇರುವುದು. ಅಲ್ಲದೆ ಅದು ಟೆಕ್ಸಸ್ ಶಾಲೆಯನ್ನು ಕಟ್ಟಿಹಾಕುವುದಿಲ್ಲ. ನಾನು ಇಲ್ಲಿ ಶಿಕ್ಷಕಿ. ತುಂಗಾತೀರ ಅವರ ಗಣಿತದ ಸಮಸ್ಯೆಯ ಬಗ್ಗೆ ಸಂಜೆ ವಿವರವಾಗಿ ಬರೆಯುತ್ತೇನೆ.

ಕಾವೇರಿ, ಟೆಕ್ಸಸ್:
ನಾನು ಟೆಕ್ಸಸ್‌ನ ಬೇರೊಂದು ಡಿಸ್ಟ್ರಿಕ್ಟಿನಲ್ಲಿ ಹೈಸ್ಕೂಲು ಕೌನ್ಸೆಲರ್ ಆಗಿ ಕೆಲಸ ಮಾಡುತ್ತೇನೆ, ಆದ್ದರಿಂದ ಮೇಜಿನ ಆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ. ತುಂಗಾತೀರ ಅವರೇ, ನಿಮ್ಮ ಬಳಿ ಇರುವುದು ಒಂದು ಸಮಸ್ಯೆಯಲ್ಲ, ಮೂರು ಬೇರೆ ಬೇರೆ ತೀರ್ಮಾನಗಳು. ಪದವಿಗೆ ಬೇಕಾದ ಕ್ರೆಡಿಟ್ ಕೊಡುವುದು ಒಂದು, ಈಗ ಯಾವ ತರಗತಿಯಲ್ಲಿ ಕೂರಿಸಬೇಕು ಎನ್ನುವುದು ಇನ್ನೊಂದು, ಜಿಪಿಎ ಮತ್ತು ರ‍್ಯಾಂಕಿನಲ್ಲಿ ಹಳೆಯ ಅಂಕಗಳಿಗೆ ಎಷ್ಟು ತೂಕ ಎನ್ನುವುದು ಮತ್ತೊಂದು. ಈ ಮೂರನ್ನೂ ಒಂದೇ ಫೋನಿನಲ್ಲಿ ಒಂದೇ ಉಸಿರಿಗೆ ಕೇಳಿದರೆ, ಕೇಳಿಸಿಕೊಂಡವರು ತಮಗೆ ಸಂಬಂಧಿಸದ ಭಾಗವನ್ನು ನೆಪ ಮಾಡಿ ಬೇರೆಯವರ ಕಡೆ ಕಳುಹಿಸುತ್ತಾರೆ.

ಕ್ರೆಡಿಟ್ ವಿಷಯದಲ್ಲಿ ರಾಜ್ಯದ ನಿಯಮ ನಿಮ್ಮ ಪರವಾಗಿಯೇ ಇದೆ. ಟೆಕ್ಸಸ್ ಆಡಳಿತ ಸಂಹಿತೆಯ 74.26ನೇ ನಿಯಮದ ಪ್ರಕಾರ ಬೇರೆ ರಾಜ್ಯದಿಂದಲೋ ಬೇರೆ ದೇಶದಿಂದಲೋ ಬಂದ ವಿದ್ಯಾರ್ಥಿಯ ದಾಖಲೆಗಳನ್ನು ಡಿಸ್ಟ್ರಿಕ್ಟ್ ಪರಿಶೀಲಿಸಿ, ತಡಮಾಡದೆ ಸರಿಯಾದ ತರಗತಿಯಲ್ಲಿ ಕೂರಿಸಬೇಕು. ಓದಿದ ವಿಷಯವನ್ನು ಖಚಿತಪಡಿಸಿಕೊಳ್ಳಲು ಅದು ಬೇರೆ ಬೇರೆ ವಿಧಾನಗಳನ್ನು ಬಳಸಬಹುದು. ಎಂದರೆ ಟ್ರಾನ್ಸ್‌ಕ್ರಿಪ್ಟ್ ಒಂದೇ ದಾಖಲೆಯಲ್ಲ. ಮಿಡಲ್ ಸ್ಕೂಲಿನ ವರದಿ, ಪಠ್ಯಕ್ರಮದ ವಿವರ, ಶಾಲೆಯ ಪತ್ರ ಎಲ್ಲಕ್ಕೂ ಬೆಲೆ ಇದೆ. 8ನೇ ತರಗತಿಯಲ್ಲಿ ಹೈಸ್ಕೂಲು ಮಟ್ಟದ ವಿಷಯ ಓದುವುದು ಟೆಕ್ಸಸ್‌ಗೆ ಹೊಸದೇನೂ ಅಲ್ಲ, ಇಲ್ಲಿನ ಸಾವಿರಾರು ಮಕ್ಕಳು ಅದೇ ಆಲ್ಜಿಬ್ರಾ 1ರ ಕ್ರೆಡಿಟನ್ನು ಮಿಡಲ್ ಸ್ಕೂಲಿನಲ್ಲೇ ಗಳಿಸುತ್ತಾರೆ.

ಇನ್ನೂ ಒಂದು ಕಾರಣಕ್ಕೆ ಈ ಕ್ರೆಡಿಟ್ ಮುಖ್ಯ. ಟೆಕ್ಸಸ್‌ನಲ್ಲಿ ಪದವಿಗೆ ಆಲ್ಜಿಬ್ರಾ 1, ಇಂಗ್ಲಿಷ್ 1 ಮತ್ತು 2, ಬಯಾಲಜಿ, ಅಮೆರಿಕದ ಇತಿಹಾಸ ಎಂಬ ಐದು ವಿಷಯಗಳಲ್ಲಿ ಸ್ಟಾರ್ ಎಂಬ ರಾಜ್ಯದ ಪರೀಕ್ಷೆಗಳಿವೆ. ಇಲ್ಲಿಗೆ ಸೇರುವ ಮೊದಲೇ ಹೊರರಾಜ್ಯದಲ್ಲಿ ಆ ವಿಷಯ ಮುಗಿಸಿದ್ದು, ಡಿಸ್ಟ್ರಿಕ್ಟ್ ಆ ಕ್ರೆಡಿಟನ್ನು ಒಪ್ಪಿಕೊಂಡಿದ್ದರೆ, ಆ ವಿಷಯದ ಸ್ಟಾರ್ ಪರೀಕ್ಷೆ ಬರೆಯಬೇಕಿಲ್ಲ. ಆಲ್ಜಿಬ್ರಾ ಒಪ್ಪಿಗೆಯಾದರೆ ತರಗತಿಯೂ ತಪ್ಪುತ್ತದೆ, ಪರೀಕ್ಷೆಯೂ ತಪ್ಪುತ್ತದೆ.

ಇನ್ನು ಮುಂದೆ ಫೋನು ಮಾಡಬೇಡಿ, ಇಮೇಲ್ ಬರೆಯಿರಿ. ಕೌನ್ಸೆಲರ್, ದಾಖಲೆಗಳನ್ನು ನೋಡಿಕೊಳ್ಳುವ ರಿಜಿಸ್ಟ್ರಾರ್ ಇಬ್ಬರನ್ನೂ ಒಂದೇ ಪತ್ರದಲ್ಲಿ ಸೇರಿಸಿ. ಯಾವ ವಿಷಯಕ್ಕೆ ಕ್ರೆಡಿಟ್ ನಿರಾಕರಿಸಲಾಗಿದೆ, ಯಾವ ನಿಯಮದ ಆಧಾರದ ಮೇಲೆ, ಯಾವ ದಾಖಲೆ ಕೊಟ್ಟರೆ ಮರುಪರಿಶೀಲಿಸುತ್ತೀರಿ, ಅಂತಿಮ ತೀರ್ಮಾನ ಯಾರದು ಎಂದು ಕೇಳಿ, ಉತ್ತರಕ್ಕೆ ಒಂದು ದಿನಾಂಕವನ್ನೂ ಸೂಚಿಸಿ. ವೇಳಾಪಟ್ಟಿ ಬದಲಿಸುವ ಕೊನೆಯ ದಿನ ಯಾವುದೆಂದು ಇವತ್ತೇ ತಿಳಿದುಕೊಳ್ಳಿ. ಆ ದಿನ ದಾಟಿದರೆ ನ್ಯಾಯ ನಿಮ್ಮ ಕಡೆ ಇದ್ದರೂ ಆಲ್ಜಿಬ್ರಾ 2ರ ಮುಂದಿನ ಹಂತವಾದ ಪ್ರಿಕ್ಯಾಲ್ಕುಲಸ್ ತರಗತಿಯಲ್ಲಿ ಜಾಗ ಇರುವುದಿಲ್ಲ.

ಬಯಲುಸೀಮೆ:
ಇಷ್ಟೆಲ್ಲ ಪತ್ರವ್ಯವಹಾರ ಯಾಕೆ ಬೇಕು? ಟೆಕ್ಸಸ್‌ನಲ್ಲಿ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ವ್ಯವಸ್ಥೆ ಇದೆ. ಹಿಂದೆ ಆ ವಿಷಯವನ್ನು ತರಗತಿಯಲ್ಲಿ ಓದಿದವರಿಗೆ 70 ಅಂಕ ಸಾಕು, ಓದದೆ ನೇರವಾಗಿ ಬರೆಯುವವರಿಗೆ 80 ಬೇಕು. ಟೆಕ್ಸಸ್ ಟೆಕ್, ಯುಟಿ ಆಸ್ಟಿನ್ ವಿಶ್ವವಿದ್ಯಾಲಯಗಳೆರಡೂ ಈ ಪರೀಕ್ಷೆಗಳನ್ನು ಸಿದ್ಧಪಡಿಸುತ್ತವೆ. ಆಲ್ಜಿಬ್ರಾ 2ರಲ್ಲಿ ಎ ತೆಗೆದ ಹುಡುಗಿಗೆ ಆಲ್ಜಿಬ್ರಾ 1ರ ಪರೀಕ್ಷೆ ನೀರು ಕುಡಿದಷ್ಟು ಸುಲಭ.

ಶರಾವತಿ, ಫೋರ್ಟ್‌ವರ್ತ್:
ಬಯಲುಸೀಮೆಯವರೇ, ಇದನ್ನು ನಾನು ಒಪ್ಪುವುದಿಲ್ಲ. ಒಮ್ಮೆ ಓದಿ ಪಾಸಾದ ವಿಷಯಕ್ಕೆ ಮಗು ಮತ್ತೆ ಪರೀಕ್ಷೆ ಬರೆಯಬೇಕು ಎಂದು ನಾವೇ ತಲೆಬಾಗಿದರೆ, ನಾಳೆ ಬರುವ ಕುಟುಂಬಕ್ಕೂ ಕಚೇರಿಯವರು ಅದೇ ಉತ್ತರ ಕೊಡುತ್ತಾರೆ. ಹೊಸ ಊರು, ಹೊಸ ಗೆಳೆಯರು, 11ನೇ ತರಗತಿಯ ಹೊರೆ, ಇವುಗಳ ನಡುವೆ ಮೂರು ವರ್ಷದ ಹಿಂದಿನ ಪಾಠವನ್ನು ತಿರುಗಿ ಓದಿಸುವುದು ಸುಲಭವೇ?

ಬಯಲುಸೀಮೆ:
ತತ್ತ್ವ ಸರಿಯಾಗಿದೆ, ಆದರೆ ಕ್ಯಾಲೆಂಡರ್ ಕಾಯುವುದಿಲ್ಲ. ಅವರ ತಕರಾರು ಇತ್ಯರ್ಥವಾಗುವಷ್ಟರಲ್ಲಿ ಸೆಮಿಸ್ಟರ್ ಅರ್ಧ ಮುಗಿದಿದ್ದರೆ ಗೆದ್ದು ಏನು ಫಲ?

ಕಾವೇರಿ, ಟೆಕ್ಸಸ್:
ಇಬ್ಬರ ಮಾತಿನಲ್ಲೂ ಹುರುಳಿದೆ. ಮೊದಲು ದಾಖಲೆಗಳ ದಾರಿ ಹಿಡಿಯಿರಿ, ಅದರ ಜೊತೆಗೇ ಪರೀಕ್ಷೆಯ ಮುಂದಿನ ದಿನಾಂಕ ಕೇಳಿ ಹೆಸರು ಕೊಟ್ಟಿಡಿ. ನಿಮ್ಮ ಡಿಸ್ಟ್ರಿಕ್ಟಿನ ನೀತಿ ಪುಸ್ತಕ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರಲ್ಲಿ ಇಎಚ್‌ಡಿಬಿ ಎಂಬ ಸಂಕೇತದ ಅಡಿಯಲ್ಲಿ ಹಿಂದೆ ಓದಿದವರ ಪರೀಕ್ಷೆಯ ನಿಯಮ, ಇಐಸಿ ಎಂಬಲ್ಲಿ ರ‍್ಯಾಂಕಿನ ನಿಯಮ, ಎಫ್‌ಎನ್‌ಜಿ ಎಂಬಲ್ಲಿ ಪೋಷಕರ ದೂರಿನ ಕ್ರಮ ಇರುತ್ತದೆ. ದೂರು ಪ್ರಾಂಶುಪಾಲರ ಹಂತದಿಂದ ಶುರುವಾಗಿ ಸ್ಕೂಲ್ ಬೋರ್ಡಿನವರೆಗೆ ಹೋಗಬಹುದು. ಅದನ್ನು ಸಲ್ಲಿಸಲು ಗಡುವು ಇರುತ್ತದೆ, ಆದ್ದರಿಂದ ನಿರಾಕರಣೆಯನ್ನು ಲಿಖಿತವಾಗಿ ಪಡೆದ ದಿನಾಂಕವನ್ನು ಬರೆದಿಟ್ಟುಕೊಳ್ಳಿ.

ಪಾಠಶಾಲೆ, ಸ್ಯಾನ್ ಹೋಸೆ:
ಬೆಳಿಗ್ಗೆ ಹೇಳಿದ್ದನ್ನು ಮುಂದುವರಿಸುತ್ತೇನೆ. ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಒಂದನೇ ತರಗತಿಗೂ ಮೊದಲಿನಿಂದ ಒಂದು ಕಡತ ಇರುತ್ತದೆ. ನಾವು ಶಿಕ್ಷಕರು ಅದನ್ನು ಕ್ಯೂಮ್ ಫೋಲ್ಡರ್ ಎನ್ನುತ್ತೇವೆ. ವರ್ಷವರ್ಷದ ಅಂಕಪಟ್ಟಿ, ಪರೀಕ್ಷಾ ಫಲಿತಾಂಶ ಎಲ್ಲವೂ ಅದರಲ್ಲಿ ಸೇರುತ್ತಾ ಹೋಗುತ್ತದೆ, ಮಗು ಶಾಲೆ ಬದಲಿಸಿದಾಗ ಹೊಸ ಶಾಲೆ ಕೇಳಿದರೆ ದಾಖಲೆಗಳನ್ನು ಕಳುಹಿಸುತ್ತೇವೆ. ಟ್ರಾನ್ಸ್‌ಕ್ರಿಪ್ಟ್ ಮಾತ್ರ ಬೇರೆ, ಅದು ಹೈಸ್ಕೂಲಿನ ವಿಷಯಗಳನ್ನಷ್ಟೇ ತೋರಿಸುವ ಒಂದು ಹಾಳೆ. ಎಷ್ಟೋ ಸಲ 8ನೇ ತರಗತಿಯ ಅಂಕಪಟ್ಟಿ ಹೊಸ ಶಾಲೆಯ ಕಚೇರಿಯಲ್ಲೇ ಬಂದು ಕೂತಿರುತ್ತದೆ, ತೆರೆದು ನೋಡಿದವರು ಯಾರೂ ಇರುವುದಿಲ್ಲ.

ತಂದೆತಾಯಿಗೆ ಆ ಕಡತವನ್ನು ನೋಡುವ ಹಕ್ಕಿದೆ. 1974ರ ಫೆರ್ಪಾ ಎಂಬ ಕೇಂದ್ರ ಕಾನೂನಿನ ಪ್ರಕಾರ, ಕೇಳಿದ 45 ದಿನಗಳೊಳಗೆ ಶಾಲೆ ಅದನ್ನು ತೋರಿಸಲೇಬೇಕು, ಸಾಮಾನ್ಯವಾಗಿ ಅದಕ್ಕಿಂತ ಬೇಗನೇ ತೋರಿಸುತ್ತಾರೆ. ಕಡತದಲ್ಲಿ ಸಿಗದಿದ್ದರೆ ಹಳೆಯ ಮಿಡಲ್ ಸ್ಕೂಲಿಗೆ ಬರೆಯಿರಿ. ಬರೀ ಅಂಕಪಟ್ಟಿ ಸಾಲದು. ವಿಷಯದ ಪೂರ್ಣ ಹೆಸರು, ಎರಡೂ ಸೆಮಿಸ್ಟರಿನ ದರ್ಜೆ, ಅದು ಹೈಸ್ಕೂಲಿನ ಆಲ್ಜಿಬ್ರಾ 1ಕ್ಕೆ ಸಮಾನವಾದ ಪೂರ್ಣ ವರ್ಷದ ವಿಷಯ ಎಂಬ ಒಂದು ವಾಕ್ಯ, ಇವು ಶಾಲೆಯ ಮುದ್ರೆಯಿರುವ ಪತ್ರದಲ್ಲಿ ಬರಲಿ. ಬೇಸಿಗೆ ರಜೆಯಲ್ಲಿ ಈ ಕಚೇರಿಗಳು ಮುಚ್ಚಿರುತ್ತವೆ, ಈಗ ತೆರೆದಿವೆ, ಇವತ್ತೇ ಬರೆಯಿರಿ.

ನಂದಿಬೆಟ್ಟ, ನ್ಯೂಜೆರ್ಸಿ:
ನಮಗೆ ಬಂದದ್ದು ಬೇರೆ ಬಗೆಯ ಪೇಚು. ನಾರ್ತ್ ಕೆರೊಲಿನಾದಲ್ಲಿ ಮಗನ ಶಾಲೆಯಲ್ಲಿ ಒಂದು ಸೆಮಿಸ್ಟರಿಗೆ ನಾಲ್ಕೇ ವಿಷಯ, ದಿನಕ್ಕೆ ಒಂದೂವರೆ ಗಂಟೆಯಂತೆ ನಡೆಸಿ ಜನವರಿಯೊಳಗೆ ಮುಗಿಸಿಬಿಡುತ್ತಿದ್ದರು. ನಾವು ಸರಿಯಾಗಿ ಜನವರಿಯಲ್ಲೇ ನ್ಯೂಜೆರ್ಸಿಗೆ ಬಂದೆವು. ಇಲ್ಲಿ ಎಲ್ಲ ವಿಷಯಗಳೂ ಸೆಪ್ಟೆಂಬರಿನಿಂದ ಜೂನ್‌ವರೆಗೆ ನಡೆಯುತ್ತವೆ. ಅವನು ಇಂಗ್ಲಿಷ್, ಗಣಿತ ಪೂರ್ತಿ ಮುಗಿಸಿ ಬಂದಿದ್ದ, ಕೆಮಿಸ್ಟ್ರಿಯ ಒಂದು ಪಾಠವೂ ಆಗಿರಲಿಲ್ಲ. ಹೊಸ ಶಾಲೆಯಲ್ಲಿ ಕೆಮಿಸ್ಟ್ರಿ ಅರ್ಧ ದಾಟಿತ್ತು. ಮುಗಿಸಿದ ವಿಷಯಗಳಿಗೆ ಮೊದಲು ಅರ್ಧ ವರ್ಷದ ಕ್ರೆಡಿಟನ್ನಷ್ಟೇ ಬರೆದರು, ಯಾಕೆಂದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಒಂದು ಸೆಮಿಸ್ಟರ್ ಎಂದಿತ್ತು.

ಅದನ್ನು ಸರಿಪಡಿಸಿದ್ದು ಗಂಟೆಗಳ ಲೆಕ್ಕ. ಅಮೆರಿಕದಲ್ಲಿ ಕ್ರೆಡಿಟ್‌ಗಳ ಬುನಾದಿಯಾಗಿರುವ ಕಾರ್ನೆಗಿ ಯೂನಿಟ್ ಎಂದರೆ 120 ಗಂಟೆಗಳ ಪಾಠ. ದಿನಕ್ಕೆ 90 ನಿಮಿಷದಂತೆ 90 ದಿನ ಎಂದರೆ 135 ಗಂಟೆ, ಪೂರ್ಣ ವರ್ಷಕ್ಕೆ ಸಮ. ಹಳೆಯ ಶಾಲೆಯ ಗಂಟೆಯ ವೇಳಾಪಟ್ಟಿಯನ್ನೂ ಶೈಕ್ಷಣಿಕ ಕ್ಯಾಲೆಂಡರನ್ನೂ ಕಳುಹಿಸಿದ ಮೇಲೆ ಪ್ರತಿ ವಿಷಯಕ್ಕೆ ಪೂರ್ಣ 5 ಕ್ರೆಡಿಟ್ ಬರೆದುಕೊಟ್ಟರು. ಇಲ್ಲಿ ವರ್ಷದ ವಿಷಯಕ್ಕೆ 5, ಪದವಿಗೆ 120. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ 10, ಟೆಕ್ಸಸ್‌ನಲ್ಲಿ 1. ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಪ್ರತಿ ವಿಷಯವೂ ಪೂರ್ಣ ವರ್ಷವಾಗಿ ಇಳಿದಿದೆಯೇ ಎಂದು ಸಾಲುಸಾಲಾಗಿ ನೋಡಿ.

ಕೆಮಿಸ್ಟ್ರಿಯನ್ನು ಬೇಸಿಗೆಯಲ್ಲಿ ಆನ್‌ಲೈನ್ ಮುಗಿಸಿದ. ಹಣ ಕಟ್ಟುವ ಮೊದಲು ಆ ಕೋರ್ಸನ್ನು ಒಪ್ಪುತ್ತೇವೆಂದು ಪ್ರಾಂಶುಪಾಲರಿಂದ ಬರೆಸಿಕೊಂಡಿದ್ದೆವು. ನಮ್ಮ ಪರಿಚಯದವರೊಬ್ಬರು ಹಾಗೆ ಬರೆಸಿಕೊಳ್ಳದೆ ಹಣವನ್ನೂ ಮಗುವಿನ ರಜೆಯನ್ನೂ ಕಳೆದುಕೊಂಡರು.

ಮಲ್ಲಿಗೆ, ಸಿಯಾಟಲ್:
ಕನ್ನಡದ ಕ್ರೆಡಿಟ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ತುಂಗಾತೀರ ಅವರೇ, ಅದನ್ನು ಬಿಟ್ಟುಕೊಡಬೇಡಿ. ಟೆಕ್ಸಸ್ ಪದವಿಗೆ ಇಂಗ್ಲಿಷಲ್ಲದ ಒಂದೇ ಭಾಷೆಯಲ್ಲಿ ಎರಡು ಕ್ರೆಡಿಟ್ ಬೇಕು. ಈಗ 11ರಲ್ಲಿ ಸ್ಪ್ಯಾನಿಷ್ 1 ಶುರು ಮಾಡಿದರೆ 12ರಲ್ಲಿ ಸ್ಪ್ಯಾನಿಷ್ 2 ಕಡ್ಡಾಯವಾಗಿ, ಅವಳ ವೇಳಾಪಟ್ಟಿಯ ಎರಡು ಜಾಗ ಕಟ್ಟಿಹೋಗುತ್ತದೆ. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಭಾಷಾ ಪ್ರೌಢಿಮೆಯ ಪರೀಕ್ಷೆ ಬರೆದು 4 ಕ್ರೆಡಿಟ್‌ವರೆಗೆ ಪಡೆಯಬಹುದು. ಸ್ಟ್ಯಾಂಪ್ ಎಂಬ ಪರೀಕ್ಷೆ ಕನ್ನಡದಲ್ಲೂ ಇದೆ, ಕನ್ನಡದಲ್ಲಿ ಬರಹ, ಮಾತು ಎರಡನ್ನು ನೋಡುತ್ತಾರೆ. ನಿಮ್ಮ ಡಿಸ್ಟ್ರಿಕ್ಟ್ ಅದನ್ನು ಒಪ್ಪುತ್ತದೆಯೇ ಎಂದು ಕೇಳಿ.

ಮನೆಯಲ್ಲಿ ಮಾತಾಡುವ ಮಕ್ಕಳು ಮಾತಿನಲ್ಲಿ ಗೆಲ್ಲುತ್ತಾರೆ, ಬರಹದಲ್ಲಿ ಜಾರುತ್ತಾರೆ. ನನ್ನ ಮಗಳು ಕನ್ನಡ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸುವುದನ್ನು ದಿನವೂ ಅಭ್ಯಾಸ ಮಾಡಿ ಹೋಗಿದ್ದಳು. 'ಸ್ತ್ರೀ', 'ರಾಷ್ಟ್ರ' ಎಂಬಂಥ ಪದಗಳನ್ನು ಟೈಪು ಮಾಡಲು ತಡವರಿಸಿದರೆ ಸಮಯ ಅಲ್ಲೇ ಸೋರಿಹೋಗುತ್ತದೆ.

ಬಯಲುಸೀಮೆ:
ಕನ್ನಡ ಕಲಿತದ್ದಕ್ಕೆ ಕ್ರೆಡಿಟ್ ಬೇಕೆಂದು ಜಗಳವಾಡುವುದಕ್ಕಿಂತ ಕಾಲೇಜಿಗೆ ಉಪಯೋಗವಾಗುವ ಸ್ಪ್ಯಾನಿಷ್ ಕಲಿಯುವುದು ಒಳ್ಳೆಯದಲ್ಲವೇ?

ಮಲ್ಲಿಗೆ, ಸಿಯಾಟಲ್:
ಅಲ್ಲ. ಎರಡು ವರ್ಷ ಪ್ರತಿ ವಾರಾಂತ್ಯ ಕೂತು ಕಲಿತ ಭಾಷೆ ಒಂದು ರಾಜ್ಯದಲ್ಲಿ ವಿದ್ಯೆಯಾಗಿ, ಇನ್ನೊಂದು ರಾಜ್ಯದಲ್ಲಿ ಲೆಕ್ಕಕ್ಕೇ ಇಲ್ಲವಾದರೆ ಆ ಮಗುವಿಗೆ ನಾವು ಏನು ಹೇಳಿದಂತಾಗುತ್ತದೆ? ಸ್ಪ್ಯಾನಿಷ್ ಕಲಿಯುವ ಆಸೆಯಿದ್ದರೆ ಕಲಿಯಲಿ, ಆದರೆ ಗಳಿಸಿದ್ದನ್ನು ಕಳೆದುಕೊಂಡು ಅಲ್ಲ.

ಹೇಮಾವತಿ, ಹ್ಯೂಸ್ಟನ್:
ಇದೇ ಎಳೆಯಲ್ಲಿ ನನ್ನದೊಂದು ಪ್ರಶ್ನೆ. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ 9ನೇ ತರಗತಿ ಮುಗಿಸಿ ಮುಂದಿನ ವರ್ಷ ಇಲ್ಲಿಗೆ ಬರುತ್ತಾನೆ. ನಮ್ಮ ಕಡೆ ಕ್ರೆಡಿಟ್ ಎಂಬುದೇ ಇಲ್ಲ, ಬರೀ ಅಂಕಪಟ್ಟಿ. ಏನು ತರಿಸಬೇಕು?

ಕಾವೇರಿ, ಟೆಕ್ಸಸ್:
ಮೂಲ ಅಂಕಪಟ್ಟಿ, ಟಿ.ಸಿ., ಜೊತೆಗೆ ಮುಖ್ಯೋಪಾಧ್ಯಾಯರಿಂದ ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ. ಪ್ರತಿ ವಿಷಯಕ್ಕೆ ವಾರಕ್ಕೆ ಎಷ್ಟು ಪಿರಿಯಡ್, ಒಂದು ಪಿರಿಯಡ್ ಎಷ್ಟು ನಿಮಿಷ, ವರ್ಷಕ್ಕೆ ಎಷ್ಟು ದಿನ ಶಾಲೆ ನಡೆಯಿತು ಎಂಬುದು ಅದರಲ್ಲಿರಲಿ. ಗಣಿತ, ವಿಜ್ಞಾನ ಪುಸ್ತಕಗಳ ಪರಿವಿಡಿಯ ಪುಟಗಳನ್ನೂ ತರಲಿ. ನಮ್ಮ 9ನೇ ತರಗತಿಯ ಗಣಿತದಲ್ಲಿ ಬೀಜಗಣಿತ, ರೇಖಾಗಣಿತ ಎರಡೂ ಕಲಸಿರುತ್ತವೆ, ಇಲ್ಲಿ ಅವು ಎರಡು ಬೇರೆ ವಿಷಯಗಳು. ಪರಿವಿಡಿ ಇಲ್ಲದಿದ್ದರೆ ಯಾವುದಕ್ಕೆ ಕ್ರೆಡಿಟ್ ಕೊಡಬೇಕೆಂದು ನಮಗೆ ತೋಚುವುದಿಲ್ಲ. ವಿಜ್ಞಾನದ ಭೌತ, ರಸಾಯನ, ಜೀವ ವಿಭಾಗಗಳದ್ದೂ ಇದೇ ಕಥೆ. ಕನ್ನಡ ಅಥವಾ ಹಿಂದಿ ಓದಿದ್ದರೆ ಅದನ್ನು ಭಾಷೆಯ ಕ್ರೆಡಿಟ್ ಆಗಿ ಪರಿಗಣಿಸಿ ಎಂದು ನೀವೇ ಬಾಯಿಬಿಟ್ಟು ಕೇಳಬೇಕು, ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಪಾಠಶಾಲೆ, ಸ್ಯಾನ್ ಹೋಸೆ:
ಕ್ಯಾಲಿಫೋರ್ನಿಯಾ ಕಡೆ ಬರುವವರಿಗೆ ಒಂದು ಮಾತು. 6ನೇ ತರಗತಿ ಅಥವಾ ಅದಕ್ಕಿಂತ ಮೇಲೆ ಎರಡು ವರ್ಷ ಕನ್ನಡ ಮಾಧ್ಯಮದಲ್ಲಿ ಸಿ ಅಥವಾ ಅದಕ್ಕಿಂತ ಒಳ್ಳೆಯ ದರ್ಜೆಯಲ್ಲಿ ಓದಿದ್ದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ತನ್ನ ಭಾಷೆಯ ಅಗತ್ಯ ಪೂರೈಸಿತೆಂದು ಒಪ್ಪುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡವನ್ನು ಒಂದು ವಿಷಯವಾಗಿ ಓದಿದವರಿಗೆ ಈ ದಾರಿ ಅನ್ವಯಿಸುವುದಿಲ್ಲ.

ಹೊಯ್ಸಳನಾಡಿಗ:
ಮೂರನೆಯ ಪ್ರಶ್ನೆ ಹಾಗೇ ಉಳಿದಿದೆ. ಆನರ್ಸ್ ತೂಕದ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕೇ? ಕಾಲೇಜಿನವರು ಎರಡೂ ಶಾಲೆಯ ಟ್ರಾನ್ಸ್‌ಕ್ರಿಪ್ಟ್ ತರಿಸಿಕೊಳ್ಳುತ್ತಾರೆ, ಎಷ್ಟೋ ಕಡೆ ಜಿಪಿಎಯನ್ನು ತಾವೇ ಮತ್ತೆ ಲೆಕ್ಕ ಹಾಕುತ್ತಾರೆ.

ಶರಾವತಿ, ಫೋರ್ಟ್‌ವರ್ತ್:
ಖಾಸಗಿ ವಿಶ್ವವಿದ್ಯಾಲಯಗಳ ಮಟ್ಟಿಗೆ ನಿಮ್ಮ ಮಾತು ಸರಿ. ಟೆಕ್ಸಸ್ ಸರ್ಕಾರಿ ವಿಶ್ವವಿದ್ಯಾಲಯಗಳ ಕಥೆ ಬೇರೆ. 1997ರ ಕಾನೂನಿನಿಂದಾಗಿ ತರಗತಿಯ ಮೊದಲ ಶೇ. 10ರಲ್ಲಿ ಬಂದವರಿಗೆ ನೇರ ಪ್ರವೇಶವಿದೆ, ಯುಟಿ ಆಸ್ಟಿನ್‌ಗೆ ಮಾತ್ರ ಆ ಗೆರೆ ಇನ್ನೂ ಮೇಲಿದೆ, 2026ರ ಪ್ರವೇಶದಿಂದ ಶೇ. 5. ಅಲ್ಲಿ ನೋಡುವುದು ನಿಮ್ಮ ಹೈಸ್ಕೂಲು ಕೊಟ್ಟ ರ‍್ಯಾಂಕನ್ನು. ಎರಡು ವರ್ಷದ ಆನರ್ಸ್ ತೂಕ ಕಳೆದುಹೋದರೆ ಆ ಶೇ. 5ರ ಗೆರೆಯಿಂದ ಮಗು ಜಾರುವುದು ಕಷ್ಟವಲ್ಲ. ಚೆನ್ನಾಗಿ ಓದಿದ ಮಗುವಿಗೆ ತಂದೆತಾಯಿ ಊರು ಬದಲಿಸಿದರೆಂಬ ಕಾರಣಕ್ಕೆ ಹೀಗಾಗುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಕಾವೇರಿ, ಟೆಕ್ಸಸ್:
ಅನ್ಯಾಯವೆನಿಸುವುದು ನಿಜ, ಆದರೆ ತೂಕದ ವಿಷಯವನ್ನು ರಾಜ್ಯ ಡಿಸ್ಟ್ರಿಕ್ಟಿಗೇ ಬಿಟ್ಟಿದೆ. ಕೆಲವು ಡಿಸ್ಟ್ರಿಕ್ಟ್‌ಗಳು ತಮ್ಮಲ್ಲಿ ಅದೇ ಮಟ್ಟದ ವಿಷಯ ಇದ್ದರೆ ಹೊರಗಿನ ಆನರ್ಸ್‌ಗೆ ತೂಕ ಕೊಡುತ್ತವೆ, ಕೆಲವು ಎಪಿ ಎಂಬ ಕಾಲೇಜು ಮಟ್ಟದ ವಿಷಯಗಳಿಗೆ ಮಾತ್ರ ಕೊಡುತ್ತವೆ. ಆದ್ದರಿಂದ ಇಲ್ಲಿ ವಾದಕ್ಕಿಂತ ನಿಮ್ಮ ಡಿಸ್ಟ್ರಿಕ್ಟಿನ ಇಐಸಿ ನೀತಿಯ ಮಾತುಗಳನ್ನೇ ಉದ್ಧರಿಸಿ ಕೇಳುವುದು ಹೆಚ್ಚು ಫಲ ಕೊಡುತ್ತದೆ.

ತುಂಗಾತೀರ, ಡಾಲಸ್:
ಎಲ್ಲರಿಗೂ ಮನಸಾರೆ ವಂದನೆಗಳು. ಪಾಠಶಾಲೆಯವರು ಹೇಳಿದಂತೆ ಕಡತ ನೋಡಬೇಕೆಂದು ಬರೆದು ಕೇಳಿದೆ. ಮಗಳ 8ನೇ ತರಗತಿಯ ಅಂಕಪಟ್ಟಿ ಇದೇ ಶಾಲೆಯ ಕಚೇರಿಯಲ್ಲಿತ್ತು! ತಿಳಿಹಳದಿ ರಟ್ಟಿನ ಕಡತದೊಳಗೆ, ಲಸಿಕೆಯ ಚೀಟಿಯ ಹಿಂದೆ ಮಡಚಿಕೊಂಡಿತ್ತು, 'ಆಲ್ಜಿಬ್ರಾ 1' ಎಂಬ ಹೆಸರೂ ಎರಡು ಸೆಮಿಸ್ಟರಿನ ಎ ದರ್ಜೆಯೂ ಸ್ಪಷ್ಟವಾಗಿದ್ದವು. ಹಳೆಯ ಮಿಡಲ್ ಸ್ಕೂಲಿನ ಪತ್ರವೂ ಇಮೇಲಿನಲ್ಲಿ ಬಂದಿತು. 74.26ನೇ ನಿಯಮವನ್ನು ಹೆಸರಿಸಿ ಕಾವೇರಿಯವರು ಸೂಚಿಸಿದ ಪ್ರಶ್ನೆಗಳನ್ನೆಲ್ಲ ಬರೆದಿದ್ದೆ. ಕ್ರೆಡಿಟ್ ಒಪ್ಪಿದ್ದಾರೆ, ಸ್ಟಾರ್ ಪರೀಕ್ಷೆ ಬೇಕಿಲ್ಲವೆಂದೂ ಬರೆದುಕೊಟ್ಟಿದ್ದಾರೆ, ಸೋಮವಾರದಿಂದ ಅವಳು ಪ್ರಿಕ್ಯಾಲ್ಕುಲಸ್‌ಗೆ ಹೋಗುತ್ತಾಳೆ.

ಕನ್ನಡದ ವಿಷಯ ಡಿಸ್ಟ್ರಿಕ್ಟ್ ಕಚೇರಿಗೆ ಹೋಗಿದೆ, ಸ್ಟ್ಯಾಂಪ್ ಪರೀಕ್ಷೆಯ ಫಲಿತಾಂಶ ತಂದರೆ ಪರಿಗಣಿಸುತ್ತೇವೆ ಎಂದಿದ್ದಾರೆ. ಆನರ್ಸ್ ತೂಕಕ್ಕೆ ಮಾತ್ರ ಆಗುವುದಿಲ್ಲ ಎಂಬ ಒಂದೇ ಸಾಲಿನ ಉತ್ತರ ಬಂದಿದೆ.

ಮಲ್ಲಿಗೆ, ಸಿಯಾಟಲ್:
ಬಹಳ ಸಂತೋಷವಾಯಿತು. 'ಪರಿಗಣಿಸುತ್ತೇವೆ' ಎಂಬ ಮಾತಿನ ಮೇಲೆ ಪರೀಕ್ಷೆಯ ಶುಲ್ಕ ಕಟ್ಟಬೇಡಿ. ಯಾವ ಮಟ್ಟ ಬಂದರೆ ಎಷ್ಟು ಕ್ರೆಡಿಟ್ ಎಂಬುದನ್ನು ಮೊದಲು ಬರೆಸಿಕೊಳ್ಳಿ.

ಕಾವೇರಿ, ಟೆಕ್ಸಸ್:
ತೂಕದ ಬಗ್ಗೆ ಆ ಒಂದು ಸಾಲಿನ ಉತ್ತರಕ್ಕೆ ನಿಲ್ಲಬೇಡಿ. ರ‍್ಯಾಂಕಿನ ನೀತಿಯನ್ನು ಡಿಸ್ಟ್ರಿಕ್ಟ್‌ಗಳು ಆಗಾಗ ಬದಲಿಸುತ್ತವೆ, ಯಾವ ವರ್ಷ ಪದವಿ ಪಡೆಯುವ ತಂಡಕ್ಕೆ ಯಾವ ನಿಯಮ ಎಂದು ಅದರಲ್ಲೇ ವಿಂಗಡಿಸಿರುತ್ತಾರೆ. ನಿಮ್ಮ ಮಗಳ ತಂಡಕ್ಕೆ ಅನ್ವಯಿಸುವ ಪುಟವನ್ನು ಕೇಳಿ ತರಿಸಿಕೊಂಡು ಓದಿ. ಹೊರಗಿನ ಆನರ್ಸ್‌ಗೆ ತೂಕವಿದೆ ಎಂದು ಅದರಲ್ಲಿದ್ದರೆ ಎಫ್‌ಎನ್‌ಜಿ ದೂರು ಸಲ್ಲಿಸಿ. ಇಲ್ಲವೆಂದಿದ್ದರೆ, ಹಿಂದಿನ ಶಾಲೆಯ ಆನರ್ಸ್ ವಿಷಯಗಳಿಗೆ ಇಲ್ಲಿ ತೂಕ ಸಿಕ್ಕಿಲ್ಲ ಎಂಬ ವಿವರಣೆಯನ್ನು ಕಾಲೇಜು ಅರ್ಜಿಯ ಕೌನ್ಸೆಲರ್ ಪತ್ರದಲ್ಲಿ ಸೇರಿಸುವಂತೆ ಈಗಲೇ ಕೋರಿ, ಅದನ್ನು ನಾವು ಪ್ರತಿ ವರ್ಷವೂ ಬರೆಯುತ್ತೇವೆ.